ಶೇಗಡಿಯ ತಳ ತಿರುವಿ ನೋಡಿರಿ

ಯಲಬುರ್ಗಾದ ಸಂತೆಯಲ್ಲಿ ಹುಲಗಮ್ಮ ಶೇಗಡಿಯ, ಅಂದರೆ ಇದ್ದಿಲು ಉರಿಸುವ ತಗಡಿನ ಒಲೆಯ ಮೇಲೆ ಕಬ್ಬಿಣದ ಜಾಳಿಗೆ ಇಟ್ಟು ಕುರಿಮಾಂಸ ಸುಟ್ಟು ಮಾರುತ್ತಿದ್ದಳು. ಜೊತೆಗೆ ಬಿಸಿ ರೊಟ್ಟಿ. ಮೋಟಾರಿಗೆ ಕಾಯುವವರೆಲ್ಲ ಅವಳ ಮುಂದೆಯೇ ಕೂರುತ್ತಿದ್ದರು. ಆದರೆ ಆ ಸಂತೆಯ ದಿನ ಕಚೇರಿಯ ಜವಾನನೊಬ್ಬ ತುಣುಕು ಬಾಯಿಗಿಟ್ಟವನೇ ಥೂ ಎಂದು ಉಗುಳಿದ.

"ಏನಬೇ, ಮಾಂಸ ಸುಟ್ಟಿಯೋ, ಹಳೇ ಕೆರ ಸುಟ್ಟಿಯೋ?"

ಕೂತವರು ಗೊಳ್ಳೆಂದು ನಕ್ಕರು. ಹುಲಗಮ್ಮ ತಾನೂ ಒಂದು ತುಣುಕು ತಿಂದು ನೋಡಿದಳು. ಕಹಿ! ಬರೀ ಮಸಿಯ ವಾಸನೆ. ಮಾಂಸ ಅಂದೇ ಕೊಯ್ದದ್ದು, ಖಾರ ಎಂದಿನಂತೆ ಅವಳೇ ಅರೆದದ್ದು. ಮತ್ತೆ ಯಾಕೆ ಹೀಗೆ?

ಅತ್ತೆ ಮುದುಕವ್ವನಿಗೆ ಮಾತ್ರ ಅನುಮಾನವೇ ಇರಲಿಲ್ಲ.

"ನಿನ್ನ ಕೈರುಚಿ ಹೋಗೈತಿ. ಬರೋ ಸಂತಿಗೆ ಹುಲಿಹೈದರದಿಂದ ನನ್ನ ಮಗಳು ದುರಗಮ್ಮ ಬಂದು ಸುಡತಾಳ. ನೀ ರೊಟ್ಟಿ ಬಡದ್ರ ಸಾಕು."

ಗಂಡ ಯಮನೂರಪ್ಪ ತಲೆ ಎತ್ತಲಿಲ್ಲ. "ಅವ್ವ ಹೇಳಿದ ಮ್ಯಾಲ ಆತು ಬಿಡ" ಎಂದ.

ಹುಲಗಮ್ಮನಿಗೆ ಮೈಯೆಲ್ಲ ಉರಿಯಿತು. ಒಂಬತ್ತು ವರ್ಷ ಕೆಂಡದ ಮುಂದೆ ಕೂತು ಬೊಬ್ಬೆ ಎದ್ದ ಕೈ. ಒಂದೇ ಮಾತಿಗೆ ಕೆಟ್ಟುಹೋಯಿತು!

ಮರುದಿನ ಬೆಳಿಗ್ಗೆ ಲಾಲಬೀ ಬಂದಳು. ಸಂತೆಯಲ್ಲಿ ಹುಲಗಮ್ಮನ ಪಕ್ಕದಲ್ಲೇ ಕೂತು ಕಬಾಬು ಮಾರುವವಳು. ಸುದ್ದಿ ಕೇಳಿ ತನ್ನ ಶೇಗಡಿಯನ್ನೇ ತಲೆಯ ಮೇಲೆ ಹೊತ್ತು ತಂದಿದ್ದಳು. ಅದನ್ನೂ ಹುಲಗಮ್ಮನ ಶೇಗಡಿಯನ್ನೂ ಒಬ್ಬನೇ ಕಮ್ಮಾರ ಒಂದೇ ದಿನ ಬಡಿದು ಕೊಟ್ಟಿದ್ದ.

"ಮುದುಕವ್ವಾ, ನಿಮ್ಮ ಶೇಗಡಿ ತರ್ರಿ, ನೋಡೂಣು."

ಮುದುಕವ್ವ ಜಂಬದಿಂದ ಜಾಳಿಗೆ ಸಮೇತ ತಂದಿಟ್ಟಳು. ಸುತ್ತಲೂ ಸಗಣಿ ಬಳಿದು, ಕುಂಕುಮ ಹಚ್ಚಿದ ಶೇಗಡಿ. "ಪ್ರತಿ ಸಂತಿ ಆದ ಮ್ಯಾಲ ನಾನ ಸಾರಸ್ತೇನಿ. ಇದಕ್ಕಿಂತ ಸಫಾಯಿ ಬೇಕೇನವ್ವಾ?"

"ಒಳಗಿನ ಬೂದಿ?"

"ಪೂರಾ ತಗಿಯಂಗಿಲ್ಲ! ಒಲಿ ಬರಿದು ಮಾಡೂದು ಸಾವಿನ ಮನ್ಯಾಗ. ಒಂದ ಬೊಗಸಿ ಬಿಟ್ಟು, ಹಾರಬಾರದಂತ ನೀರ ಚಿಮುಕಿಸ್ತೇನಿ."

ಲಾಲಬೀ ಶೇಗಡಿಯನ್ನು ಬೋರಲು ಹಾಕಿದಳು. ಹಸಿ ಬೂದಿ ಮುದ್ದೆಯಾಗಿ ಬಿತ್ತು. ಅದರ ಜೊತೆಗೆ ತುಕ್ಕಿನ ಚಕ್ಕೆಗಳೂ ಉದುರಿದವು. ತಳಕ್ಕೆ ಬಳಿದ ಸಗಣಿಯ ಮೇಲೆ ಬೆರಳು ಒತ್ತಿದರೆ, ಬೆರಳು ಆ ಕಡೆಗೇ ಹೋಯಿತು. ತೂತಿನಲ್ಲಿ ಬೆರಳು ಆಡಿಸುತ್ತ ಕೇಳಿದಳು: "ಇದು ಯಾರ ಕೈರುಚಿರಿ?"

ಆಮೇಲೆ ತನ್ನ ಶೇಗಡಿಯ ತಳ ಬಡಿದಳು. ಠಣ್ ಎಂದಿತು.

"ಸಗಣಿ ಸಾರಸೂದು ಮಣ್ಣಿನ ಒಲಿಗಿ. ಕಬ್ಬಿಣಕ್ಕ ಹಸಿ ಬೂದಿ ಅಂದ್ರ ವಿಷ ಇದ್ದಂಗ, ಕುಂತಲ್ಲೇ ತಿಂತೈತಿ. ಗಾಳಿ ತೂತು ಮುಚ್ಚ್ಯಾವು, ಇದ್ದಿಲು ಉರಿಯೂದು ಬಿಟ್ಟು ಹೊಗಿ ಕಾರತೈತಿ. ಈ ಜಾಳಗಿ ನೋಡ್ರಿ, ಯಾವ ಕಾಲದ ಕೊಬ್ಬೋ ಏನೋ! ಹಳೇ ಜಿಡ್ಡು ಹೊಸಾ ತುಣುಕಿಗೆ ಹತ್ತಿದ್ರ ಕಹಿ ಆಗದ ಸಿಹಿ ಆಗತೈತೇನು?"

"ಜಿಡ್ಡಿದ್ರ ರುಚಿ ಅಂತಿದ್ದಿಲ್ಲೇನು ನಮ್ಮತ್ತಿ..." ಎಂದು ಮುದುಕವ್ವ ಗೊಣಗಿದಳು.

ಹುಲಗಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಅತ್ತಿ, ಬೂದಿ ತಗದ್ರ ಮನಿ ಬರಿದಾಗತೈತಿ ಅಂತೀರಿ. ಈ ತಳ ಕಳಚಿ ಕೆಂಡ ಮಗ್ಗಲದಾಗ ಆಡೋ ನನ್ನ ಕೂಸಿನ ಮ್ಯಾಲ ಬಿದ್ದಿದ್ರ ಮನಿ ತುಂಬತಿತ್ತೇನು? ತಗಡು ಕೆಟ್ರೂ ತಪ್ಪು ನನ್ನ ಕೈದು, ಹೊಗಿ ಆದ್ರೂ ತಪ್ಪು ನನ್ನ ಕೈದು! ಒಬ್ಬರರೆ ಇದನ್ನ ತಿರುವಿ ನೋಡಿದ್ರೇನು?"

ಮುದುಕವ್ವ ಸಣ್ಣ ದನಿಯಲ್ಲಿ, "ಛಲೋದಕ್ಕ ಮಾಡಿದ್ನೆವ್ವಾ... ಹಂಗಂತ ಬರಿದು ಹೆಂಗ ಇಡೂದು?" ಎಂದಳು.

"ಬರಿದು ಯಾಕ ಇಡತೀರಿ?" ಲಾಲಬೀ ನಕ್ಕಳು. "ಬೂದಿ ಪೂರಾ ತಗದು, ಎರಡು ಒಣ ಇದ್ದಿಲು ಇಟ್ಟುಬಿಡ್ರಿ. ಬರಿದೂ ಆಗಲಿಲ್ಲ, ಹಸಿನೂ ಆಗಲಿಲ್ಲ."

ಮುದುಕವ್ವನ ಮುಖ ಅರಳಿತು. "ಇದ ಮಾತು ಮೊದಲ ಹೇಳಬಾರದೇನ ನೀ?" ಎಂದು ಲಾಲಬೀಯನ್ನೇ ಗದರಿ, ತೆಂಗಿನ ನಾರು ತಂದು ಜಾಳಿಗೆ ತಿಕ್ಕಲು ಕೂತಳು.

ಯಮನೂರಪ್ಪ ಕೆಮ್ಮಿದ. "ದುರಗಮ್ಮಗ ಬರಬ್ಯಾಡಂತ ಹೇಳಿ ಕಳಸ್ತೇನಿ. ನೀನ ಸುಡು. ಇದಕ್ಕ ಹೊಸ ತಳ ನಾ ಹಾಕಿಸ್ಕೊಂಡ ಬರ್ತೇನಿ."

ಹುಲಗಮ್ಮ ನಗಲಿಲ್ಲ. ಕೆಳಗೆ ಬಿದ್ದ ಬೂದಿಯನ್ನು ಬುಟ್ಟಿಗೆ ತುಂಬಿ ಅವನ ಕೈಗಿಟ್ಟಳು.

"ಮೊದಲ ಇದನ್ನ ಚೆಲ್ಲಿ ಬರ್ರಿ."

ತಾಯಂದಿರೇ, ಅಕ್ಕತಂಗಿಯರೇ, ನಿಮ್ಮ ಶೇಗಡಿಯನ್ನೂ ಇವತ್ತೇ ತಿರುವಿ ನೋಡಿರಿ. ಸುಡುವ ಕೆಲಸ ಮುಗಿದ ಮೇಲೆ ಜಾಳಿಗೆ ಇನ್ನೂ ಬೆಚ್ಚಗಿರುವಾಗಲೇ ಜಿಡ್ಡು ತಿಕ್ಕಿ ತೆಗೆಯಿರಿ. ಕಾದ ಕಬ್ಬಿಣಕ್ಕೆ ನೀರು ಸುರಿಯಬೇಡಿರಿ. ಕೆಂಡ ತಾನಾಗಿ ಆರಲಿ. ಮೇಲೆ ತಣ್ಣಗೆ ಕಂಡರೂ ಬೂದಿಯೊಳಗೆ ಕೆಂಡ ಉಳಿದಿರುತ್ತದೆ, ಅದಕ್ಕೇ ಒಂದು ದಿನ ಬಿಟ್ಟು ತೆಗೆಯಿರಿ. ಬಣವೆಯ ಹತ್ತಿರ, ಕೂಸುಗಳು ಬರಿಗಾಲಲ್ಲಿ ಆಡುವ ಕಡೆ ಚೆಲ್ಲಲೇಬೇಡಿರಿ. ಗಾಳಿಯ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಕಬ್ಬಿಣಕ್ಕೆ ತುಸು ಕುಸುಬಿ ಎಣ್ಣೆ ಒರೆಸಿ, ಎರಡು ಕಲ್ಲಿನ ಮೇಲೆ ಒಣಗಿದ ಜಾಗದಲ್ಲಿ ಮುಚ್ಚಿಡಿರಿ.

ಅಣ್ಣಂದಿರೇ, ತಮ್ಮಂದಿರೇ, ಬೂದಿ ಎತ್ತಿದರೆ ನಿಮ್ಮ ಕೈ ಸವೆಯುವುದಿಲ್ಲ. ಇನ್ನೊಮ್ಮೆ ತುಣುಕು ಕಹಿಯಾದರೆ, ಸುಟ್ಟವಳ ಕೈಯನ್ನು ಬೈಯುವ ಮೊದಲು ಶೇಗಡಿಯ ತಳಕ್ಕೆ ಬೆರಳು ಒತ್ತಿ ನೋಡಿರಿ.