ಇಣಚಿ ಮುಟ್ಟಿದ ಅನ್ನ

ಮೂರನೆಯ ಚಮಚ ಖಾರದ ಪುಡಿ ಮಣ್ಣಿಗೆ ಬೀಳುವಾಗ ಮೇಧಾಳಿಗೆ ಸೀನು ಬಂತು. ಅಳಿಲಿಗೆ ಏನೂ ಆಗಲಿಲ್ಲ. ತೊಟ್ಟಿಯ ಇನ್ನೊಂದು ತುದಿಯಲ್ಲಿ ಹಿಂಗಾಲ ಮೇಲೆ ಕೂತಿದ್ದ ಅದು ಖಾರ ಬೆರೆತ ಮಣ್ಣನ್ನು ಕೆದರಿತು. ನಿನ್ನೆ ನೆಟ್ಟ ಶೇವಂತಿಯ ಸಸಿಯನ್ನು ಬೇರುಸಹಿತ ಎತ್ತಿ ಪಕ್ಕಕ್ಕೆ ಇಟ್ಟಿತು.

ಎಸೆಯಲಿಲ್ಲ. ಇಟ್ಟಿತು.

ತೊಟ್ಟಿ ಎಂದರೆ ಮೇಲಿನ ಕೋಣೆಯ ಕಿಟಕಿಗೆ, ಸರಳುಗಳ ಹೊರಗೆ ಬಿಗಿದ ಮೂರಡಿ ಉದ್ದದ ತಗಡಿನ ಪೆಟ್ಟಿಗೆ. ರೋಣದ ಆ ಓಣಿಯಲ್ಲಿ ಬೇರೆ ಯಾರ ಕಿಟಕಿಗೂ ಅಂಥದ್ದಿರಲಿಲ್ಲ. ಗಂಡ ಸತ್ತ ಮೂರನೆಯ ತಿಂಗಳು ಅವಳು ಅದನ್ನು ಮಾಡಿಸಿದ್ದಳು. ಏಕೆಂದು ಯಾರೂ ಕೇಳಲಿಲ್ಲ. ಬಿಳಿ ಬಣ್ಣ ಬಳಿದು, ಕೆಮ್ಮಣ್ಣಿನ ಅಂಚು ಎಳೆದು, ಗಜೇಂದ್ರಗಡದ ಸಂತೆಯಲ್ಲಿ ಕೊಂಡ ಪುಟ್ಟ ಕನ್ನಡಿ ಚೂರುಗಳನ್ನು ಸಾಲಾಗಿ ಅಂಟಿಸಿದ್ದಳು. ಓಣಿಯಲ್ಲಿ ಹೋಗುವವರು ತಲೆಯೆತ್ತಿ ಮೊದಲು ತೊಟ್ಟಿಯನ್ನು ನೋಡುತ್ತಿದ್ದರು, ಆಮೇಲೆ ಅದರ ಹಿಂದೆ ಅವಳನ್ನು, ಆಮೇಲೆ ಅವಳ ಹಣೆಯನ್ನು. ಅಷ್ಟಾದ ಮೇಲೆ ನೋಟ ಅವಸರದಲ್ಲಿ ಹೂವಿಗೆ ಮರಳುತ್ತಿತ್ತು.

ಅಳಿಲನ್ನು ದೂರವಿಡುವ ಉಪಾಯಗಳನ್ನು ಅವಳು ಮೊಬೈಲಿನ ವಿಡಿಯೋ ಒಂದರಿಂದ ಕಲಿತಿದ್ದಳು. ಖಾರದ ಪುಡಿ, ಹೊಳೆಯುವ ವಸ್ತು, ಸದ್ದು ಮಾಡುವ ವಸ್ತು, ಕೊನೆಗೆ ತಂತಿಯ ಜಾಲರಿ. ವಿಡಿಯೋದ ಅಳಿಲಿಗೆ ಬೆನ್ನ ಮೇಲೆ ಗೆರೆಗಳಿರಲಿಲ್ಲ. ಅದು ಓಡಿಹೋಗುತ್ತಿತ್ತು.

“ಬಂದಾನೇನು?” ಬಾಗಿಲಲ್ಲಿ ಅತ್ತೆಯ ದನಿ.

“ಬಂದದ, ಅತ್ಯಾ.”

ಭಾಗೀರಥಿಬಾಯಿ ಮುತ್ತುಗದ ಎಲೆಯ ಚೂರಿನ ಮೇಲೆ ಮೊಸರನ್ನದ ಉಂಡೆ ಹಿಡಿದು ಬಂದರು. ಸರಳುಗಳ ನಡುವೆ ಕೈ ತೂರಿಸಿ ಅದನ್ನು ತೊಟ್ಟಿಯ ಮಣ್ಣಿನ ಮೇಲಿಟ್ಟರು. ಮೂಗು ಅರಳಿಸಿದರು.

“ಖಾರ ಹಾಕಿಯೇನು?”

“ಗಿಡಕ್ಕ ಚಲೋ ಅಂತ.”

“ಖಾರಕ್ಕ ಅವ ಹೋಗೂದಿಲ್ಲವಾ. ಸಣ್ಣಾಂವ ಇದ್ದಾಗಿಂದ ಅವಗ ಖಾರ ಭಾಳ ಸೇರ್ತಿತ್ತು.”

ಮೇಧಾ ಚಮಚವನ್ನು ಸೆರಗಿನಿಂದ ಒರೆಸಿದಳು. ಅಳಿಲು ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನತೊಡಗಿತು. ಅದು ಮುಗಿಯುವವರೆಗೆ ಅತ್ತೆ ನಿಂತೇ ಇದ್ದರು.

ಹತ್ತು ತಿಂಗಳ ಹಿಂದೆ, ನರಗುಂದದಿಂದ ಬೈಕಿನಲ್ಲಿ ಬರುತ್ತಿದ್ದ ಅವಳ ಗಂಡ ಶ್ರೀಧರ ದೀಪವಿಲ್ಲದ ಟ್ರ್ಯಾಕ್ಟರಿಗೆ ಡಿಕ್ಕಿ ಹೊಡೆದು ಸತ್ತ. ಹತ್ತನೆಯ ದಿನ ಗಂಡಸರು ಹೊಳೆಯ ದಂಡೆಗೆ ಹೋಗಿ ಕಾಗೆಗೆ ಪಿಂಡ ಇಟ್ಟರು. ಕಾಗೆ ಮುಟ್ಟಲಿಲ್ಲ. ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅದೇನೆಂದು ಊಹಿಸಿ ಒಬ್ಬೊಬ್ಬರೇ ಕೈಮುಗಿದು ಮಾತು ಕೊಡಬೇಕು. ಅವಳ ಮೈದುನ ವೇದವ್ಯಾಸ ಅವ್ವನನ್ನು ನೋಡಿಕೊಳ್ಳುತ್ತೇನೆ ಎಂದ. ಕಾಗೆ ಬರಲಿಲ್ಲ. ಕಾಕಾ ಒಬ್ಬರು ಮನೆ ಮಾರುವುದಿಲ್ಲ ಎಂದರು. ಬರಲಿಲ್ಲ. ಬಿಸಿಲು ಏರಿತು. ಕರ್ಮ ಮಾಡಿಸುವ ಆಚಾರ್ಯರಿಗೆ ಬಸ್ಸಿನ ಹೊತ್ತಾಯಿತು.

ಆಗ ವೇದವ್ಯಾಸ ಮನೆಗೆ ಫೋನ್ ಮಾಡಿದ್ದ.

“ವೈನಿ, ಕಾಗಿ ಮುಟ್ಟವಲ್ಲದು. ನೀವ ಏನರ ಹೇಳ್ರಿ. ಸ್ಪೀಕರ್ ಹಾಕೀನಿ, ಪಿಂಡದ ಹಂತೇಕನ ಹಿಡದೀನಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಫೋನನ್ನು ನೋಡಿದ್ದಳು. ಧಾರವಾಡದಲ್ಲಿ ಎಂ.ಎ. ಮಾಡುವಾಗ ರಾಜೂರಿನ ಸಾವಿನ ಆಚರಣೆಗಳ ಮೇಲೆ ಅರವತ್ತು ಪುಟ ಬರೆದು ಮೊದಲ ದರ್ಜೆ ಪಡೆದವಳು. ಪಿಂಡದ ಮುಂದೆ ಕೊಡುವ ಮಾತು ಸತ್ತವರಿಗಲ್ಲ, ಬದುಕುಳಿದವರು ತಮ್ಮ ಭಯಕ್ಕೆ ಕೊಟ್ಟುಕೊಳ್ಳುವ ಮಾತು ಎಂದು ಬರೆದಿದ್ದಳು. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು.

“ನಾ ಎಲ್ಲೂ ಹೋಗೂದಿಲ್ಲ,” ಎಂದಿದ್ದಳು.

ಆ ಕಡೆ ಗದ್ದಲ. ಯಾರೋ “ಬಂತು, ಬಂತು” ಎಂದರು. ಆಮೇಲೆ ವೇದವ್ಯಾಸನ ಸಣ್ಣ ದನಿ: “ವೈನಿ, ಕಾಗಿ ಅಲ್ಲರಿ, ಇಣಚಿ. ಪಿಂಡ ಮುಟ್ಟೇದ.”

ಅಳಿಲಾದರೂ “ನಡೀತದ” ಎಂದರಂತೆ ಆಚಾರ್ಯರು. ಬಸ್ಸು ಸಿಕ್ಕಿತಂತೆ.

ತೊಟ್ಟಿ ಮಾಡಿಸಿದ ವಾರಕ್ಕೆ ಅಳಿಲು ಬಂತು. ಅತ್ತೆಗೆ ಆಶ್ಚರ್ಯವಾಗಲಿಲ್ಲ. ಅವರು ಮರುದಿನದಿಂದ ಉಂಡೆ ಇಡಲು ಶುರುಮಾಡಿದರು.

ಹನ್ನೊಂದಕ್ಕೆ ಅರ್ಚನಾಳ ಫೋನ್ ಬಂತು. ಎಂ.ಎ.ಯಲ್ಲಿ ಜೊತೆಗಿದ್ದವಳು, ಈಗ ಧಾರವಾಡದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ; ಅಲ್ಲೇ ಮೇಧಾಳಿಗೂ ಕೆಲಸ ನೋಡಿದ್ದಳು.

“ಏನ್ ನಿರ್ಧಾರ ಮಾಡಿದಿ?”

“ಇನ್ನೂ ಇಲ್ಲ.”

“ಮೇಧಾ, ಹದಿನೈದು ದಿವಸಾತು. ಐದಕ್ಕ ಫೋನ್ ಮಾಡ್ತೀನಿ. ಬರ್ತೀನಿ ಅಂದ್ರ ಸೋಮವಾರ ಕ್ಲಾಸ್ ತೊಗೊ. ಇಲ್ಲಂದ್ರ ಪ್ರಿನ್ಸಿಪಾಲರು ಬ್ಯಾರೆಯವ್ರಿಗೆ ಹೇಳ್ತಾರ. ಮತ್ತ ನಾ ಕೇಳೂದಿಲ್ಲ.”

“ಹೂಂ.”

“ಏನ್ ಅಡ್ಡ ಬಂದದ ಹೇಳು. ಅತ್ತಿಯವರು ಬ್ಯಾಡಂತಾರೇನು?”

“ಇಲ್ಲ. ಅವರು ಏನೂ ಅನ್ನೂದಿಲ್ಲ.”

“ಮತ್ತ?”

ಅಳಿಲು ಎಂದು ಹೇಳುವುದು ಹೇಗೆ? ಮೇಧಾ “ನೆಟ್‌ವರ್ಕ್ ಸರಿ ಇಲ್ಲ” ಎಂದು ಫೋನ್ ಇಟ್ಟಳು.

ಜಾಲರಿ ತರಲು ಪೇಟೆಗೆ ಹೋದಳು. ಜಮಾಲಸಾಬನ ಕಬ್ಬಿಣದ ಸಾಮಾನಿನ ಅಂಗಡಿ ಬಸ್‌ಸ್ಟ್ಯಾಂಡಿನ ಎದುರು. ಹೊರಗೆ ಗದಗಿನ ಬಸ್ಸು ತುಂಬುತ್ತಿತ್ತು. ಅವಳು ಅದಕ್ಕೆ ಬೆನ್ನು ಮಾಡಿ ನಿಂತಳು.

“ಇಲಿಗೇನ್ರಿ ಬಾಯಾರ, ಇಣಚಿಗೇನ್ರಿ?”

“ಇಣಚಿಗೆ.”

“ಹಂಗಾರ ಅರ್ಧ ಇಂಚಿಂದು ಒಯ್ರಿ. ಒಂದಿಂಚಿಂದು ಹಾಕಿದ್ರ ತಲಿ ತೂರಸ್ತದ. ತಲಿ ಹೋತಂದ್ರ ಮೈ ಹೋದಂಗ.”

“ಹೊರಗ ಬರಲಿಕ್ಕೆ?”

“ಹೊಟ್ಟಿ ತುಂಬಿದ ಮ್ಯಾಲ ಬರಾಕಾಗಂಗಿಲ್ರಿ.” ಅವನು ಸುರುಳಿ ಬಿಚ್ಚಿ ಕತ್ತರಿಸತೊಡಗಿದ. “ಒಂದ ಮೂಲಿ ಬಿಚ್ಚೂಹಂಗ ಕಟ್ರಿ. ಅಪ್ಪಿತಪ್ಪಿ ಒಳಗ ಸಿಕ್ಕೊಂತಂದ್ರ ಬಿಡಾಕ ಬೇಕು. ನಮ್ಮ ಮನ್ಯಾಗೂ ಹಾಕೀನ್ರಿ. ಇಣಚಿ ಬರೂದು ನಿಂತು, ನಮ್ಮಾಕಿ ಒದರೂದು ನಿಂದರಲಿಲ್ಲ. ಅದಕ್ಕ ಯಾ ಅಳತಿ ಜಾಳಿ ಬೇಕೋ ತಿಳೀವಲ್ದು.”

ಅವಳು ನಕ್ಕಳು. ಸದ್ದು ಯಾರದೋ ಅನ್ನಿಸಿತು. ಜಮಾಲಸಾಬ ತಕ್ಷಣ ತಲೆ ತಗ್ಗಿಸಿ ಜಾಲರಿ ಸುತ್ತಿದ. ಅವಳನ್ನು ನಗಿಸಿದ್ದಕ್ಕೆ ಅವನಿಗೆ ನಾಚಿಕೆಯಾದಂತಿತ್ತು.

ಮಧ್ಯಾಹ್ನವೆಲ್ಲ ತೊಟ್ಟಿಯ ಹೊರಬದಿಗೆ ಪಂಜರದಂತೆ ಜಾಲರಿ ಕಟ್ಟಿದಳು. ಒಳಗಿನಿಂದ, ಸರಳುಗಳ ನಡುವೆ ಕೈ ಹೊರಹಾಕಿ ಕಟ್ಟಬೇಕು. ಮೊಣಕೈ ದಾಟಿದರೆ ತೋಳು ಸಿಕ್ಕಿಕೊಳ್ಳುತ್ತಿತ್ತು. ಒಂದು ಹೊತ್ತಿನಲ್ಲಿ ಅವಳ ಕೈಯ ಪಕ್ಕದಲ್ಲಿ ಇನ್ನೊಂದು ಕೈ ಕಂಡಿತು. ಸೊರಗಿದ, ಭುಜದವರೆಗೂ ಸಲೀಸಾಗಿ ಹೊರಹೋಗುವ ಕೈ. ಅತ್ತೆ ಜಾಲರಿಯ ಇನ್ನೊಂದು ತುದಿ ಹಿಡಿದಿದ್ದರು.

“ಇಲ್ಲೆ ಸಡ್ಲ ಅದ, ನೋಡು. ಬಿಗಿ.”

ಮೇಧಾ ಬಿಗಿದಳು.

“ನಿಮಗ ಬ್ಯಾಸರಿಲ್ಲೇನು, ಅತ್ಯಾ? ಜಾಳಿ ಹಾಕಿದ್ದು?”

“ಯಾಕ ಬ್ಯಾಸರ? ಜಾಳಿ ಹಾಕಿದ್ರ ಏನಾತು. ಮನಿ ಬಿಟ್ಟು ಹೋಗೂದಂತೂ ಇಲ್ಲಲ್ಲ.”

ಮೇಧಾ ತಂತಿಯನ್ನು ಇನ್ನೊಂದು ಸುತ್ತು ಸುತ್ತಿದಳು. ಅತ್ತೆ, “ಅರ್ಚನಾನ ಫೋನ್ ಬಂದಿತ್ತೇನು?” ಎಂದರು.

“ಹೂಂ.”

“ಏನಂತಾಳ?”

“ಏನಿಲ್ಲ. ಆರಾಮಿದ್ದಾಳಂತ.”

ವಿಡಿಯೋದವರು ಹೇಳಿದ್ದು ಇನ್ನೊಂದು ಉಳಿದಿತ್ತು, ಸದ್ದು. ಅವಳು ಕಪಾಟಿನ ತಗಡಿನ ಡಬ್ಬಿ ತೆಗೆದಳು. ಹತ್ತು ತಿಂಗಳಿಂದ ಮುಟ್ಟದ ಹಸಿರು ಗಾಜಿನ ಬಳೆ, ಎರಡು ಡಜನ್. ಅವುಗಳನ್ನು ತಂತಿಗೆ ಪೋಣಿಸಿ ಜಾಲರಿಯ ಉದ್ದಕ್ಕೂ ತೂಗುಬಿಟ್ಟಳು. ಗಾಳಿ ಬಂತು. ಬಳೆಗಳು ಕೈಯಿಲ್ಲದೆ ಸದ್ದು ಮಾಡಿದವು. ಕೆಳಗೆ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, “ಭಾಳ ಚಂದ ಮಾಡೀರಿ” ಎಂದಳು. ಹಣೆಯ ಕಡೆ ನೋಡಿದಳು, ಹೋದಳು.

ಅತ್ತೆ ಬಳೆಗಳನ್ನು ನೋಡಿದರು. ಬೈಯುತ್ತಾರೆ ಎಂದು ಮೇಧಾ ಕಾದಳು. ಬೈದರೆ ಒಳ್ಳೆಯದಿತ್ತು. ಬೈಗುಳಕ್ಕೆ ಉತ್ತರ ಕೊಡಬಹುದು, ಉತ್ತರ ಕೊಟ್ಟವಳು ಗಂಟುಮೂಟೆ ಕಟ್ಟಿ ಹೊರಡಬಹುದು.

“ಚಲೋ ಆತು,” ಎಂದರು ಅತ್ತೆ. “ಸಪ್ಪಳಾದ್ರ ಅವಗ ಗೊತ್ತಾಗ್ತದ, ನೀ ಇಲ್ಲೇ ಇದ್ದಿ ಅಂತ.”

ಅವರು ಎಲೆಯ ಮೇಲೆ ಇನ್ನೊಂದು ಉಂಡೆ ತಂದು ಜಾಲರಿಯ ಒಳಗೆ, ಹತ್ತು ಗಂಟೆಯ ಹೂವಿನ ನಡುವೆ ಇಟ್ಟು ದೇವರ ಕೋಣೆಗೆ ಹೋದರು.

ನಾಲ್ಕೂವರೆಯಾಗಿತ್ತು. ಹೂಗಳು ಆಗಲೇ ಮುಚ್ಚಿದ್ದವು. ಅಳಿಲು ಜಾಲರಿಯ ಹೊರಗೆ ಅಂಟಿಕೊಂಡಿತ್ತು. ಅದರ ಬಿಳಿ ಹೊಟ್ಟೆ ತಂತಿಗೆ ಒತ್ತಿ ಸಣ್ಣ ಚೌಕಗಳಾಗಿ ಉಬ್ಬಿತ್ತು. ಬಳೆಗಳು ಅಲ್ಲಾಡುತ್ತಿದ್ದವು. ಅದು ಹೆದರಲಿಲ್ಲ.

ಮೇಧಾ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಕೈ ಹೊರಹಾಕಿ ಜಾಲರಿಯ ಮೂಲೆಯನ್ನು ಬಿಚ್ಚಿದಳು. ಅಳಿಲು ಒಳಗೆ ಬಂದು ಉಂಡೆಯಿಂದ ಒಂದು ಗೇಣು ದೂರ ಕೂತಿತು. ಅದರ ಕಣ್ಣು ಒದ್ದೆಯಾದ ಕರಿಮಣಿಯಂತಿತ್ತು.

“ನಾ ಧಾರವಾಡಕ್ಕ ಹೋಗ್ತೀನಿ,” ಎಂದಳು, ಪಿಸುದನಿಯಲ್ಲಿ.

ಮುಟ್ಟಿದರೆ ಹೋಗಬಹುದು. ಇಷ್ಟೇ ಲೆಕ್ಕ. ಅರವತ್ತು ಪುಟ ಬರೆದವಳು ಉಸಿರು ಬಿಗಿಹಿಡಿದಳು.

ಅಳಿಲು ಮುಟ್ಟಲಿಲ್ಲ.

“ಹದಿನೈದು ದಿವಸಕ್ಕೊಮ್ಮೆ ಬರ್ತೀನಿ.” ಮುಟ್ಟಲಿಲ್ಲ. “ಅತ್ತಿಯವರನ್ನೂ ಕರಕೊಂಡು ಹೋಗ್ತೀನಿ.” ಮುಟ್ಟಲಿಲ್ಲ. ಹೊಳೆಯ ದಂಡೆಯ ಗಂಡಸರಂತೆ ಅವಳು ಒಂದೊಂದೇ ಮಾತು ಇಡುತ್ತ ಹೋದಳು. ತನ್ನ ದನಿ ಅವಳಿಗೆ ಸ್ಪೀಕರಿನಿಂದ ಬಂದಂತೆ ಕೇಳಿಸಿತು.

ಕೊನೆಗೆ, “ನಾ ಎಲ್ಲೂ ಹೋಗೂದಿಲ್ಲ,” ಎಂದಳು.

ಅಳಿಲು ಉಂಡೆಯನ್ನು ಮೂಸಿತು. ಬಾಲವನ್ನು ಒಮ್ಮೆ ಕೊಡವಿತು. ಬಿಚ್ಚಿದ ಮೂಲೆಯಿಂದ ಹೊರಗೆ ಹೋಗಿ, ಗೋಡೆ ಇಳಿದು, ಓಣಿ ದಾಟಿ ಎದುರುಮನೆಯ ಮಾಳಿಗೆ ಹತ್ತಿತು. ತಿರುಗಿ ನೋಡಲಿಲ್ಲ. ಅದು ಬರೀ ಅಳಿಲಾಗಿತ್ತು.

ಅವಳಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಉಂಡೆ ಅಲ್ಲೇ ಇತ್ತು.

ಹಾಸಿಗೆಯ ಮೇಲೆ ಫೋನ್ ಬಡಿದುಕೊಳ್ಳತೊಡಗಿತು. ಐದಾಗಿರಬೇಕು.

ಅವಳು ತಿರುಗಲಿಲ್ಲ. ಯಾವಾಗ ಕಿಟಕಿಯ ಕಟ್ಟೆ ಹತ್ತಿ ಕುಕ್ಕರುಗಾಲಲ್ಲಿ ಕೂತಿದ್ದಳೋ ತಿಳಿಯಲಿಲ್ಲ. ಸರಳುಗಳ ನಡುವೆ ಎರಡೂ ಕೈ ಹೊರಹೋದವು. ಅನ್ನ ತಣ್ಣಗಿತ್ತು, ಮೇಲೆ ಒಣಗಿ ಗಟ್ಟಿಯಾಗಿತ್ತು, ಒಳಗೆ ಹುಳಿ. ಅದನ್ನು ಎರಡೂ ಕೈಯಲ್ಲಿ ಬಾಯಿಯ ಹತ್ತಿರ ಹಿಡಿದು, ಮುಂದಿನ ಹಲ್ಲುಗಳಿಂದ ಸ್ವಲ್ಪ ಸ್ವಲ್ಪವೇ, ಬೇಗ ಬೇಗ ತಿನ್ನತೊಡಗಿದಳು.

ಫೋನ್ ನಿಂತಿತು. ಮತ್ತೆ ಶುರುವಾಯಿತು.

ಬಾಗಿಲಲ್ಲಿ ಭಾಗೀರಥಿಬಾಯಿ ನಿಂತಿದ್ದರು. ಅವರು ಫೋನಿನ ಕಡೆ ನೋಡಲಿಲ್ಲ. ತೊಟ್ಟಿಯಲ್ಲಿ ಬರಿದಾದ ಎಲೆಯನ್ನು ನೋಡಿದರು, ಕಟ್ಟೆಯ ಮೇಲೆ ಕೂತವಳನ್ನು ನೋಡಿದರು. ಸೆರಗನ್ನು ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡು, ಅವಳಿಗೆ ಎರಡೂ ಕೈ ಜೋಡಿಸಿದರು.