ಹತ್ತು ನಿಮಿಷಕ್ಕೊಂದು ಸಹಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಇನ್ನಷ್ಟು ಕೋಪ ಬರುತ್ತದೆ. ಹನ್ನೊಂದು ವರ್ಷದಿಂದ ಈ ಶಿಶುವಿಹಾರದ ಮುಖ್ಯಸ್ಥೆ ನಾನು. ಕೆಳಗಿನ ಕೋಣೆಗಳಲ್ಲಿ ಮೂರು ನಾಲ್ಕು ವರ್ಷದವರು, ಮಹಡಿಯ ಮೇಲೆ ಒಂದು ವರ್ಷದ ಆಸುಪಾಸಿನ ಕೂಸುಗಳು. ಮಗುವನ್ನು ಸೇರಿಸಲು ಬಂದವರಿಗೆಲ್ಲ ನಾನು ಹೇಳುವ ಮಾತು ಒಂದೇ: "ಇಲ್ಲಿ ಎಲ್ರೂ ಒಂದೇ ಮನೆಯವರ ಹಾಗೆ." ಅದನ್ನೇ ಬಣ್ಣದ ಕಾಗದದಲ್ಲಿ ಕತ್ತರಿಸಿ ಗೋಡೆಗೂ ಅಂಟಿಸಿದ್ದೇವೆ. ಅಂಟಿಸುವಾಗ ಒಂದಕ್ಷರ ಓರೆಯಾಯಿತೆಂದು ಮೂರು ಸಲ ಕೀಳಿಸಿದವಳೂ ನಾನೇ.

ಕೂಸುಗಳು ಮಲಗುವ ಕೋಣೆಯ ಬಾಗಿಲಿನಲ್ಲಿ ಒಂದು ಚಾರ್ಟ್ ತೂಗುತ್ತದೆ. ಹನ್ನೆರಡೂವರೆಯಿಂದ ಎರಡೂವರೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಮಗುವಿನ ಮೇಲೂ ಬಗ್ಗಿ, ಉಸಿರು ನೋಡಿ, ಚೌಕದಲ್ಲಿ ಸಹಿ ಹಾಕಬೇಕು. ಚೌಕ ಖಾಲಿ ಇದ್ದರೆ ಸಂಜೆ ನಾನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದೆ. "ಮನೇಲೂ ಒಂದು ಚಾರ್ಟ್ ಹಾಕ್ಬಿಡು, ನಾನು ಉಸಿರಾಡ್ತಿದೀನೋ ಇಲ್ವೋ ಗೊತ್ತಾಗತ್ತೆ" ಎಂದು ನನ್ನ ಗಂಡ ಗೇಲಿ ಮಾಡುತ್ತಿದ್ದ. ನಾನು ನಗುತ್ತಿರಲಿಲ್ಲ. ನಮ್ಮ ಚಾರ್ಟಿನಲ್ಲಿ ಎರಡು ತಿಂಗಳಿಂದ ಒಂದು ಚೌಕವೂ ಖಾಲಿ ಬಿದ್ದಿರಲಿಲ್ಲ, ಆ ಹೆಮ್ಮೆಯಲ್ಲಿದ್ದೆ.

ಆ ದಿನ ಬೆಳಿಗ್ಗೆ, ಮಹಡಿಯ ಕೂಸುಗಳಲ್ಲೊಬ್ಬನಾದ ಗುಂಡುವಿನ ಅಮ್ಮ ಮಗುವನ್ನು ನನ್ನ ಕೈಗೆ ಕೊಡುತ್ತ, "ಸ್ವಲ್ಪ ಶೀತ ಆಗಿದೆ, ಮೂಗು ಕಟ್ಟಿದೆ. ಮಲಗಿದಾಗ ನೋಡ್ಕೊಳ್ಳಿ ಮೇಡಂ" ಎಂದಳು. "ನಿಶ್ಚಿಂತೆಯಾಗಿ ಹೋಗಿ" ಎಂದೆ. ಅವಳು ಗೇಟಿನವರೆಗೆ ಹೋಗಿ ಮತ್ತೆ ತಿರುಗಿ ನೋಡಿದಳು. ಅದೇಕೋ ಆ ನೋಟ ಬೆಳಗಿನಿಂದ ನನ್ನ ಬೆನ್ನಿಗೇ ಬಿದ್ದಿತ್ತು. ಒಂದು ಗಂಟೆ ದಾಟಿದ ಮೇಲೆ ಕೂರಲಾಗದೆ ಮಹಡಿ ಹತ್ತಿದೆ.

ಪರದೆ ಎಳೆದಿತ್ತು. ಎಂಟು ಪುಟ್ಟ ಹಾಸಿಗೆ, ಫ್ಯಾನಿನ ಸದ್ದು. ಪಕ್ಕದ ಬಚ್ಚಲಿನಲ್ಲಿ ಪುಟ್ಟ ಟೀಚರ್ ವಾಂತಿ ಮಾಡಿಕೊಂಡ ಒಂದು ಮಗುವನ್ನು ತೊಳೆಯುತ್ತಿದ್ದಳು. ಸೇರಿ ಐದು ತಿಂಗಳಾದ, ಎಲ್ಲರಿಗಿಂತ ಕುಳ್ಳಗಿರುವ ಹುಡುಗಿ. ಅದಕ್ಕೇ ಆ ಹೆಸರು. ಆಯಮ್ಮ ಒಗೆದ ಹೊದಿಕೆ ತರಲು ಕೆಳಗೆ ಹೋಗಿದ್ದಳಂತೆ. ನಾನು ಅಭ್ಯಾಸಬಲದಿಂದ ಚಾರ್ಟ್ ನೋಡಿದೆ. ಒಂದು ಹತ್ತಕ್ಕೆ ಸಹಿ ಇತ್ತು. ಒಂದು ಇಪ್ಪತ್ತಕ್ಕೂ ಇತ್ತು. ಒಂದೂವರೆಗೆ, ಎರಡಕ್ಕೆ, ಎರಡೂವರೆಗೂ ಇತ್ತು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಹನ್ನೆರಡು ನಿಮಿಷ.

ಒಂದೊಂದೇ ಹಾಸಿಗೆ ನೋಡುತ್ತ ಕಿಟಕಿಯ ಪಕ್ಕಕ್ಕೆ ಬಂದೆ. ಗುಂಡು ಬೋರಲು ಬಿದ್ದಿದ್ದ. ಮುಖ ಪೂರ್ತಿ ಹಾಸಿಗೆಯಲ್ಲಿ ಹೂತಿತ್ತು. ಹೇಗೆ ಎತ್ತಿದೆನೋ ನನಗೇ ತಿಳಿಯದು. ಮಗುವಿನ ಕುತ್ತಿಗೆ ವಾಲಿತು, ಕೆನ್ನೆ ಕೆಂಪಾಗಿತ್ತು, ನನ್ನ ಕಿವಿಗೆ ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಬೆನ್ನು ತಟ್ಟಿದೆ. ಮತ್ತೆ ತಟ್ಟಿದೆ. ಆಮೇಲೆ ಅವನು ಮೂಗು ಸೊರ್ರೆನಿಸಿ, ನಿದ್ದೆ ಕೆಡಿಸಿದ ಸಿಟ್ಟಿಗೆ ಸೂರು ಹಾರಿಹೋಗುವಂತೆ ಕಿರುಚಿದ. ಆ ಕಿರುಚಾಟದಷ್ಟು ಹಿತವಾದದ್ದನ್ನು ನಾನು ಜೀವನದಲ್ಲಿ ಕೇಳಿಲ್ಲ. ಅವನನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತೆ.

ಆಮೇಲೆ ಬಂದದ್ದು ಕೋಪ. ಬಚ್ಚಲಿನಿಂದ ಓಡಿಬಂದ ಪುಟ್ಟ ಟೀಚರಿಗೂ, ಮೆಟ್ಟಿಲು ಹತ್ತಿ ಬಂದ ಆಯಮ್ಮನಿಗೂ ಚಾರ್ಟ್ ತೋರಿಸಿದೆ.

"ಯಾರು ಹಾಕಿದ್ದು ಈ ಸಹಿ?"

"ಗೊತ್ತಿಲ್ಲ ಮೇಡಂ" ಎಂದಳು ಹುಡುಗಿ. ಸಹಿ ಅವಳದೇ. ಕಣ್ಣೆದುರಿಗಿನದನ್ನೇ ಗೊತ್ತಿಲ್ಲ ಎನ್ನುವಷ್ಟು ಹೆದರಿದ್ದಳು. ಅದನ್ನು ನೋಡಿ ನನಗೆ ಇನ್ನೊಂದು ಭಯ ಹುಟ್ಟಿತು: ಇದನ್ನು ಮುಚ್ಚಿಡುವವರು ಇನ್ನು ಏನೇನು ಮುಚ್ಚಿಟ್ಟಿದ್ದಾರೋ? ಯಾವ ಮಗು ಎಷ್ಟು ಸಲ ಬಿದ್ದಿದೆಯೋ?

ಆಯಮ್ಮ ಹೊದಿಕೆಗಳನ್ನು ಕೆಳಗಿಟ್ಟಳು. "ಅವಳೊಬ್ಬಳೇ ಅಲ್ಲ, ಎಲ್ರೂ ಹಾಗೇ ಮಾಡ್ತೀವಿ ಮೇಡಂ. ಮಲಗಿಸಿದ ತಕ್ಷಣ ಅಷ್ಟೂ ಚೌಕಕ್ಕೆ ಸಹಿ ಹಾಕಿ ಮುಗಿಸ್ತೀವಿ. ಮಕ್ಕಳನ್ನ ನೋಡಲ್ಲ ಅಂತಲ್ಲ. ಆದ್ರೆ ಒಂದು ವಾಂತಿ ಮಾಡ್ಕೊಂಡ್ರೆ, ಇನ್ನೊಂದು ಎದ್ರೆ, ಚೌಕ ತಪ್ಪಿಹೋಗತ್ತೆ. ತಪ್ಪಿದ್ರೆ ನಿಮ್ಮ ಹತ್ರ ಮಂಗಳಾರತಿ. ಅವತ್ತು ಇವಳನ್ನ ಗೇಟಿನ ಹತ್ರ, ಅಷ್ಟು ಜನ ಅಪ್ಪ ಅಮ್ಮಂದಿರ ಮುಂದೆ ನಿಲ್ಲಿಸ್ಕೊಂಡು ಬೈದ್ರಲ್ಲ? ಅವತ್ತಿಂದ ಶುರು."

"ಕೈ ಸಾಲದಿದ್ರೆ ನನ್ನನ್ನ ಕರೀಬಹುದಿತ್ತಲ್ಲ?"

"ನಿಮ್ಮನ್ನಾ?" ಎಂದಳು ಆಯಮ್ಮ. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ನಿಜಕ್ಕೂ ಅವಳಿಗೆ ಆ ಯೋಚನೆ ಎಂದೂ ಬಂದಿರಲಿಲ್ಲ. ನನಗೆ ಮುಖಕ್ಕೆ ಹೊಡೆದಂತಾಯಿತು.

ಸಂಜೆ ಗುಂಡುವಿನ ಅಮ್ಮ ಬಂದಾಗ ಪುಟ್ಟ ಟೀಚರನ್ನೂ ಆಯಮ್ಮನನ್ನೂ ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡೆ. ಪುಟ್ಟ ಟೀಚರ್ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು, ಇನ್ನೊಂದು ಸಲ ಮಾನ ಹೋಗುತ್ತದೆಂದು. "ಇವತ್ತು ಮಧ್ಯಾಹ್ನ ನಿಮ್ಮ ಮಗು ಬೋರಲಾಗಿತ್ತು. ಎಷ್ಟು ಹೊತ್ತು ಅಂತ ನಮಗೆ ಗೊತ್ತಿಲ್ಲ, ಯಾಕಂದ್ರೆ ನೋಡೋ ಹೊತ್ತಲ್ಲಿ ನೋಡಿರ್ಲಿಲ್ಲ. ಎಂಟು ಮಕ್ಕಳಿಗೆ ಕೈ ಸಾಲ್ತಿರ್ಲಿಲ್ಲ, ಅದನ್ನ ನನಗೆ ಹೇಳೋಕೆ ಇವರಿಗೆ ಧೈರ್ಯ ಬರದ ಹಾಗೆ ನಾನೇ ಮಾಡಿದ್ದೆ. ತಪ್ಪು ನನ್ನದು" ಎಂದೆ. ಅವಳು ಮಗುವನ್ನು ಅವಚಿಕೊಂಡು ಹೋದಳು. ಈ ಸಲ ತಿರುಗಿ ನೋಡಲಿಲ್ಲ.

ಮರುದಿನ ಗುಂಡು ಬರಲಿಲ್ಲ. ಅದರ ಮರುದಿನವೂ ಇಲ್ಲ. ಇತ್ತ ನಾನು ಚಾರ್ಟಿನ ಕೆಳಗೆ, "ನೋಡಲಾಗದಿದ್ದರೆ ಚೌಕ ಖಾಲಿ ಬಿಡಿ, ನನ್ನನ್ನು ಕೂಗಿ" ಎಂದು ಬರೆದೆ. ಯಾರೂ ಕೂಗಲಿಲ್ಲ. ಚೌಕಗಳು ಮಾತ್ರ ಎಂದಿನಂತೆ ತುಂಬುತ್ತಿದ್ದವು. ನಂಬಲಿ ಹೇಗೆ? ನಾನೇ ಹತ್ತು ನಿಮಿಷಕ್ಕೊಮ್ಮೆ ಮೆಟ್ಟಿಲ ಬುಡದಲ್ಲಿ ನಿಂತು ಕಿವಿಗೊಡುತ್ತಿದ್ದೆ. ಮೇಲೆ ಹತ್ತಿದರೆ ಪತ್ತೆ ಮಾಡಲು ಬಂದಳೆನ್ನುತ್ತಾರೆ, ಹತ್ತದಿದ್ದರೆ ನನಗೆ ಜೀವ ನಿಲ್ಲದು.

ನಾಲ್ಕನೆಯ ದಿನ ಗುಂಡುವಿನ ಅಮ್ಮ ಬಂದಳು. ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಪಕ್ಕದಲ್ಲಿದ್ದ ಪುಟ್ಟ ಟೀಚರಿಗೆ ಕೊಟ್ಟಳು. "ಒಂದು ವಾರ ನೋಡ್ತೀನಿ" ಎಂದಳು, ಅಷ್ಟೇ.

ಅಂದು ಮಧ್ಯಾಹ್ನ ಒಂದು ಗಂಟೆಗೆ ಮಹಡಿಯಿಂದ ಕೂಗು ಬಂತು. "ಮೇಡಂ! ಬೇಗ ಬನ್ನಿ, ಮೂವರು ಒಟ್ಟಿಗೆ ಎದ್ದಿದಾರೆ, ನನ್ನ ಕೈಲಿ ಆಗ್ತಿಲ್ಲ!"

ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ಪುಟ್ಟ ಟೀಚರ್ ಒಂದು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಇನ್ನೊಂದರ ಒದ್ದೆ ಬಟ್ಟೆ ಬಿಚ್ಚುತ್ತಿದ್ದಳು. "ಏನಾಯ್ತು? ಗುಂಡು ಎಲ್ಲಿ? ಉಸಿರು ನೋಡಿದ್ಯಾ?" ಎಂದು ಬಾಗಿಲಲ್ಲೇ ಶುರು ಮಾಡಿದೆ.

"ಶ್! ಮಿಕ್ಕವರು ಎದ್ಬಿಡ್ತಾರೆ" ಎಂದು ಹುಡುಗಿ ನನ್ನನ್ನೇ ಗದರಿದಳು. "ಸುಮ್ನೆ ಗುಂಡು ಪಕ್ಕ ಕೂತ್ಕೊಳ್ಳಿ."

ನಾನು ಬಾಯಿ ಮುಚ್ಚಿಕೊಂಡು ಹೋಗಿ ಕೂತೆ.