ಮಸಿಯ ತಟ್ಟೆಯಲ್ಲಿ ಬುನಾದಿ

ನಮ್ಮ ಭಾವನಿಗೆ, ಅಂದರೆ ಗಂಡನ ಅಣ್ಣನಿಗೆ, ಕೆಲಸಗಾರರು ಇಟ್ಟ ಹೆಸರು ಹದಪ್ಪ. ಬಾಯಿ ಬಿಟ್ಟರೆ ಹದ. ಎಣ್ಣೆ ಹದಕ್ಕೆ ಬರಬೇಕು, ಉರಿ ಹದಕ್ಕೆ ಬರಬೇಕು, ಕೊನೆಗೆ ಗಿರಾಕಿಯ ಹಸಿವೂ ಹದಕ್ಕೆ ಬರಬೇಕು ಎಂದು ಊಟದ ಗಂಟೆ ಹೊಡೆದ ಮೇಲೂ ಜನರನ್ನು ತಟ್ಟೆ ಹಿಡಿಸಿ ನಿಲ್ಲಿಸುವ ಮನುಷ್ಯ. ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯ ಕ್ಯಾಂಟೀನು ನಮ್ಮದು, ಮನೆಯೂ ಅದಕ್ಕೇ ಅಂಟಿಕೊಂಡದ್ದು. ಅಡುಗೆ ಭಾವನದು, ಕೌಂಟರ್ ನನ್ನ ಗಂಡನದು, ಉಳಿದದ್ದು ನನ್ನದು. ಉಳಿದದ್ದು ಎಂದರೆ ಎಷ್ಟು ಎಂದು ಆ ಮನೆಯಲ್ಲಿ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಆ ಜಾಗದಲ್ಲಿ ನನ್ನ ಜೊತೆ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದ ಜೀವ ಒಂದೇ, ಮಸಿ. ಹಂಡೆಯ ತಳದ ಬಣ್ಣದ ಬೆಕ್ಕು. ಹಿಟ್ಟಿನ ಕೋಣೆಯಲ್ಲಿ ಇಲಿ ಹಿಡಿಯಲಿ ಎಂದು ಇಟ್ಟುಕೊಂಡದ್ದು. ಇಲಿ ಹಿಡಿಯುತ್ತಿತ್ತು, ಹಿಡಿದದ್ದನ್ನು ಯಾರಿಗೂ ಹೇಳಿಕೊಂಡು ತಿರುಗುತ್ತಿರಲಿಲ್ಲ. ಈ ಗುಣ ನಮ್ಮ ಮನೆಯ ಗಂಡಸರಲ್ಲಿ ನಾನು ಕಂಡಿಲ್ಲ. ಅದು ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ ಮರಿ ಹಾಕಿದಾಗ ನನ್ನ ಹಳೆಯ ಶಾಲು ಹಾಸಿದವಳು ನಾನು. ಆದರೆ ಊಟ ಹಾಕುವ ಅಧಿಕಾರ ಮಾತ್ರ ಭಾವನದು.

"ಬಾಣಂತಿ ಅದು. ಸಪ್ಪೆ ಹಾಕೋಕೆ ಇದೇನು ಆಸ್ಪತ್ರೆನಾ? ನನ್ನ ಕೈಯಿಂದ ಸಪ್ಪೆ ಊಟ ಯಾವತ್ತೂ ಹೊರಗೆ ಹೋಗಿಲ್ಲ," ಅಂದ. ಹಿತ್ತಲ ಬಾಗಿಲ ಹತ್ತಿರ ಅದರ ತಟ್ಟೆ ಇಟ್ಟು ದಿನವೂ ಮೀನು ಹಾಕುತ್ತಿದ್ದ. ನಾನು ಆ ಹೊತ್ತಿಗೆ ಮುಂದುಗಡೆ ಮೇಜು ಒರೆಸುತ್ತಿರುತ್ತಿದ್ದೆ.

ಮರಿಗಳು ಕಣ್ಣು ಬಿಟ್ಟು ಓಡಾಡತೊಡಗಿದ ಹೊತ್ತಿಗೆ ಮಸಿ ಮಲಗಿದಲ್ಲೇ ಇರತೊಡಗಿತು. ಮರಿ ಬಂದು ಮೊಲೆಗೆ ಬಾಯಿ ಹಾಕಿದರೆ ಎದ್ದು ಹೋಗುತ್ತಿತ್ತು, ನಾಲ್ಕು ಹೆಜ್ಜೆ ನಡೆದು ಕೂತುಬಿಡುತ್ತಿತ್ತು. ಒಂದು ಬೆಳಿಗ್ಗೆ ಅದರ ಉಚ್ಚೆ ಚಹದ ಬಣ್ಣಕ್ಕೆ ತಿರುಗಿದ್ದು ಕಂಡು ಬಾಯಿ ಬಿಡಿಸಿ ನೋಡಿದೆ. ವಸಡು ಬಿಳಿಚಿಕೊಂಡು ಸುಣ್ಣದ ಗೋಡೆಯ ಹಾಗಿತ್ತು.

"ಬಿಸಿಲು," ಅಂದ ಭಾವ. ನನ್ನ ಗಂಡ "ಬಿಸಿಲೇ ಇರಬೇಕು," ಅಂದರು. ಅಣ್ಣ ಕೆಮ್ಮಿದರೆ ಇವರಿಗೆ ಶೀತ.

ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ನಾನೇ ಹೊರಟೆ. ತರಕಾರಿ ತರುವ ವ್ಯಾನು ಭಾವನ ಕೈಯಲ್ಲಿದ್ದುದರಿಂದ ಅವನೂ ಬಂದ. ಪಶುವೈದ್ಯೆ ಗಟ್ಟಿಗಿತ್ತಿ, ಮಾತು ಕಡಿಮೆ. ವಸಡು ನೋಡಿದಳು, ರಕ್ತ ತೆಗೆದಳು, ಒಳಗೆ ಹೋಗಿ ಬಂದಳು.

"ರಕ್ತದ ಕಣ ಒಡೆದು ಹೋಗ್ತಿವೆ. ಈರುಳ್ಳಿ, ಬೆಳ್ಳುಳ್ಳಿ ಏನಾದ್ರೂ ತಿಂದಿದ್ಯಾ?"

ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವನು ಭಾವ. "ಒಂದು ಚೂರೂ ಇಲ್ಲ. ಅಡುಗೆಯವನು ನಾನೇ. ಬರೀ ಬೇಯಿಸಿದ ಮೀನು, ಖಾರ ಸಹ ಹಾಕಿಲ್ಲ."

"ಖಂಡಿತ?"

"ಇಷ್ಟು ವರ್ಷ ಸೌಟು ಹಿಡಿದವನಿಗೆ ಏನು ಹಾಕಿದೆ ಅಂತ ಗೊತ್ತಿರಲ್ವಾ?"

ಆಕೆ ಬೆಕ್ಕನ್ನು ಅಲ್ಲೇ ಇಟ್ಟುಕೊಂಡು ಡ್ರಿಪ್ ಹಾಕಿದಳು. "ಈರುಳ್ಳಿ ಅಲ್ಲ ಅಂದ್ರೆ ಬೇರೆ ಕಾಯಿಲೆ ಹುಡುಕಬೇಕು. ಅಷ್ಟು ಹೊತ್ತು ಇದರ ಹತ್ತಿರ ಇದೆ ಅಂತ ನನಗೆ ಅನ್ನಿಸ್ತಿಲ್ಲ. ಮನೆಗೆ ಹೋಗಿ ಯೋಚಿಸಿ, ಏನು ನೆನಪಾದ್ರೂ ಫೋನ್ ಮಾಡಿ," ಅಂದಳು. ದಾರಿಯುದ್ದಕ್ಕೂ ಭಾವ ಆಕೆಗೆ ಅನುಭವ ಸಾಲದು ಎಂದು ನನಗೆ ವಿವರಿಸಿದ.

ಮನೆಯಲ್ಲಿ ಅತ್ತೆ ಮರಿಗಳಿಗೆ ಬಟ್ಟಲು ತುಂಬ ಹಸುವಿನ ಹಾಲು ಇಟ್ಟು ಕೂತಿದ್ದರು. ಪೆಟ್ಟಿಗೆ, ಶಾಲು, ಮರಿಗಳ ಬಾಲ, ಎಲ್ಲ ಭೇದಿ. ನಾನು ಶಾಲು ಎತ್ತಿಕೊಂಡು ಹಿತ್ತಲಿಗೆ ಹೋದೆ. ಅಲ್ಲಿ ಮಸಿಯ ತಟ್ಟೆ ಇತ್ತು. ಅದನ್ನೂ ತೊಳೆದುಬಿಡೋಣ ಎಂದು ಕೈಗೆ ತೆಗೆದುಕೊಂಡೆ. ಅಂಚಿನ ಸುತ್ತ ಕಂದು ಬಣ್ಣದ ಜಿಡ್ಡು ಒಣಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದೆ. ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ.

"ಭಾವ, ಇದೇನು?"

"ಯಾವುದು? ಅದಾ, ಬುನಾದಿ."

ಬುನಾದಿ ಎಂದರೆ ಏನೆಂದು ಹೇಳಬೇಕು. ನಮ್ಮ ಕ್ಯಾಂಟೀನಿನಲ್ಲಿ ಬೆಳಗಾದರೆ ಮೂಟೆ ಈರುಳ್ಳಿ ಸುಲಿದು, ಬೆಳ್ಳುಳ್ಳಿ ಸೇರಿಸಿ, ರುಬ್ಬಿ, ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಬರುವವರೆಗೆ ಬಾಡಿಸಿ ದೊಡ್ಡ ಡಬ್ಬಿಗೆ ತುಂಬುತ್ತಾರೆ. ಆಮೇಲೆ ಯಾವ ಪಾತ್ರೆಗೇ ಆಗಲಿ ಅದರದ್ದೊಂದು ಸೌಟು. ಇದನ್ನು ಭಾವ ಬುನಾದಿ ಅನ್ನುತ್ತಾನೆ. ಅವನ ಬಾಯಲ್ಲಿ ಈರುಳ್ಳಿ ಎಂದರೆ ಊಟದ ಪಕ್ಕದಲ್ಲಿ ಹೆಚ್ಚಿ ಇಡುವ ಚೂರು ಮಾತ್ರ.

"ಬೆಕ್ಕಿನ ಮೀನಿಗೆ ಇದನ್ನು ಹಾಕ್ತಿದ್ರಾ?"

"ಹಾಕದೆ? ಬುನಾದಿ ಇಲ್ಲದೆ ಅದನ್ನು ಊಟ ಅಂತ ಯಾರು ಕರೀತಾರೆ?"

"ಬುನಾದಿ ಯಾವುದರಿಂದ ಮಾಡ್ತೀರಿ?"

ಅವನಿಗೆ ಈಗ ಹೊಳೆಯಿತು. ಹೊಳೆದರೂ ಒಪ್ಪುವ ಜಾತಿಯಲ್ಲ. "ಅದು ಕರಗಿ ಹೋಗಿರುತ್ತಲ್ಲ. ಅಷ್ಟು ಬೆಂದ ಮೇಲೆ ಈರುಳ್ಳಿ ಎಲ್ಲಿರುತ್ತೆ?"

"ಎಲ್ಲಿರುತ್ತೆ ಅಂತ ಅಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದೆಯಲ್ಲ, ಅದನ್ನು ಕೇಳಿ. ಡಾಕ್ಟರ್ ಬಾಯಿ ಬಿಟ್ಟು ಹೆಸರು ಹಿಡಿದು ಕೇಳಿದ್ರು. ನೀವು ಎದೆ ಉಬ್ಬಿಸಿ ಇಲ್ಲ ಅಂದ್ರಿ. ಸೌಟು ಹಿಡಿದ ಕೈಯಂತೆ. ಸೌಟಿನಲ್ಲಿ ಏನಿದೆ ಅಂತ ನೋಡದ ಕಣ್ಣಿಗೆ ಎಷ್ಟು ವರ್ಷ ಆದ್ರೇನು?"

"ಹಿರಿಯರ ಹತ್ತಿರ ಮಾತಾಡೋ ರೀತಿನಾ ಇದು?" ಎಂದು ನನ್ನ ಗಂಡ ಬಾಗಿಲಲ್ಲಿ ನಿಂತು ಕೇಳಿದರು.

"ನೀವು ಬಿಸಿಲಿಗೆ ಹೋಗಿ ನಿಂತುಕೊಳ್ಳಿ," ಅಂದೆ.

ಫೋನಿನಲ್ಲಿ ವೈದ್ಯೆ ಬೈಯಲಿಲ್ಲ. "ಹಸಿಯೋ ಬೆಂದದ್ದೋ ಪುಡಿಯೋ, ಎಲ್ಲ ಒಂದೇ. ರುಬ್ಬಿದ್ರೆ ಇನ್ನೂ ಹೆಚ್ಚು ಹೊಟ್ಟೆಗೆ ಹೋಗುತ್ತೆ," ಅಂದಳು. "ಈಗ ಗೊತ್ತಾಯ್ತಲ್ಲ, ದಾರಿ ಇದೆ. ರಕ್ತ ಕೊಡಬೇಕಾಗಬಹುದು." ಮರಿಗಳ ಸಂಗತಿ ಹೇಳಿದೆ. ಹಸುವಿನ ಹಾಲು ಅವಕ್ಕೆ ಅರಗುವುದಿಲ್ಲವಂತೆ. ಮರಿಗಳಿಗೆಂದೇ ಬೇರೆ ಹಾಲಿನ ಪುಡಿ ಸಿಗುತ್ತದೆ, ಜೊತೆಗೆ ಮರಿಗಳ ಮೆತ್ತನೆಯ ಆಹಾರ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ ಅಂದಳು. ಚಾಕೊಲೇಟು, ದ್ರಾಕ್ಷಿ, ಹುದುಗು ಬಂದ ಹಸಿ ಹಿಟ್ಟು, ಬೇಯಿಸಿದ ಮೂಳೆ ಹತ್ತಿರ ಸುಳಿಯಬಾರದು.

"ಬೆಕ್ಕಿಗೆ ಹಾಲು ಬೇಡ ಅನ್ನೋ ಡಾಕ್ಟರನ್ನ ಇದೇ ಮೊದಲು ನೋಡ್ತಿರೋದು," ಅಂದರು ಅತ್ತೆ.

"ನೀವೆಲ್ಲಿ ನೋಡಿದ್ರಿ ಅತ್ತೆ? ಕದ್ದು ಕೇಳಿಸಿಕೊಂಡ್ರಿ," ಅಂದು ಬಟ್ಟಲು ಎತ್ತಿ ಹಾಲನ್ನು ಮೋರಿಗೆ ಸುರಿದೆ.

ಮಸಿಗೆ ಬೇರೆ ಬೆಕ್ಕಿನ ರಕ್ತ ಕೊಟ್ಟರು. ದಿನಾ ಹೋಗಿ ಗಾಜಿನಾಚೆಯಿಂದ ನೋಡಿ ಬರುತ್ತಿದ್ದೆ. ಮೊದಮೊದಲು ನನ್ನ ದನಿಗೆ ಕಿವಿ ಸಹ ಅಲುಗಿಸಲಿಲ್ಲ. ಆಮೇಲೆ ಒಂದು ದಿನ ತಲೆ ಎತ್ತಿತು. ಮನೆಗೆ ತಂದಾಗ ಮೈ ತೆಳ್ಳಗಾಗಿತ್ತು, ವಸಡಿನಲ್ಲಿ ತುಸು ಕೆಂಪು ಬಂದಿತ್ತು.

ಅವತ್ತು ಕೋಳಿ ಬೇಯಿಸುತ್ತೇನೆಂದು ಭಾವ ತಾನಾಗಿ ಮುಂದೆ ಬಂದ. ಮೂಳೆ, ಚರ್ಮ ತೆಗೆದು ಬರೀ ನೀರಿನಲ್ಲಿ ಎಂದು ಹೇಳಿದೆ. ಹೂಂ ಅಂದ. ನೀರು ಕುದಿಯುವಷ್ಟರಲ್ಲಿ ಅವನ ಕೈ ಡಬ್ಬಿಯ ಮುಚ್ಚಳಕ್ಕೆ ಹೋಯಿತು. ನಾನು ನೋಡುತ್ತಿರುವುದು ಕಂಡು ಉಪ್ಪಿನ ಕಡೆಗೆ ತಿರುಗಿತು. ಸೌಟು ಕಿತ್ತುಕೊಂಡು ಅವನನ್ನು ಒಲೆಯಿಂದ ಆಚೆ ನಿಲ್ಲಿಸಿದೆ. ಅವನ ಒಲೆಯ ಮುಂದೆ ಬೇರೊಬ್ಬರು ನಿಂತದ್ದು ಅದೇ ಮೊದಲು. ಕ್ಯಾಂಟೀನು ಕುಸಿದು ಬೀಳಲಿಲ್ಲ.

ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿ, ಆರಿಸಿ, ತಿಕ್ಕಿ ತೊಳೆದ ತಟ್ಟೆಯಲ್ಲಿ ಇಟ್ಟೆ. ಭಾವ ತಡೆಯಲಾರದೆ ಬಗ್ಗಿ ಒಂದು ಎಳೆ ತೆಗೆದು ಬಾಯಿಗೆ ಹಾಕಿಕೊಂಡ. ಮುಖ ಹುಳ್ಳಗೆ ಮಾಡಿದ.

"ಇದಕ್ಕೆ ರುಚಿಯೇ ಇಲ್ಲ. ನೋಡ್ತಿರು, ಮೂಸಿಯೂ ನೋಡಲ್ಲ."

ಮಸಿ ಅವನ ಕೈಯನ್ನು ತಲೆಯಿಂದ ಒತ್ತಿ ಪಕ್ಕಕ್ಕೆ ಸರಿಸಿ ತಟ್ಟೆಗೆ ಬಾಯಿ ಹಾಕಿತು. ಪೂರ್ತಿ ತಿಂದು, ತಟ್ಟೆ ನೆಕ್ಕಿ, ಮರಿಗಳ ಪೆಟ್ಟಿಗೆಗೆ ಹೋಗಿ ಮಲಗಿತು.

ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತವರಿಗೆ ಭಾವ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ನನ್ನ ಕೈಯ ಊಟ ತಿಂದು ಮೈ ಗಟ್ಟಿಯಾಗಿತ್ತು, ಅದಕ್ಕೇ ಬದುಕಿಕೊಳ್ತು."

ನಾನು ಹೋಗಿ ಮಸಿಯ ತಟ್ಟೆಯನ್ನು ಹಿತ್ತಲಿನಿಂದ ಎತ್ತಿಕೊಂಡು ಬಂದು ನಾನು ತರಕಾರಿ ಹೆಚ್ಚುವ ಮೇಜಿನ ಕೆಳಗೆ, ನನ್ನ ಕಾಲ ಹತ್ತಿರ ಇಟ್ಟುಕೊಂಡೆ. ಈಗ ಅದರ ಊಟ ಅಲ್ಲೇ.